ಕಲ್ಲಿನೊಳಗೇ ಇರೋ ಗ್ಯಾಸಿಗೆ ಸೋಲಾರ್ ಏನ್ ಮಾಡುತ್ತೆ?

ಸೇಡಂನಿಂದ ಬರೆದಿರೋ ಓದುಗರಿಗೆ ನಮಸ್ಕಾರ. ಹೆಸರು ಹಾಕ್ಬೇಡಿ ಅಂದಿದ್ದೀರಿ, ಹಾಕಿಲ್ಲ. ಹೋದ ಸಂಚಿಕೆಯಲ್ಲಿ ಸೋಲಾರ್ ಬಗ್ಗೆ ನಾನು ಬರೆದಿದ್ದನ್ನ ಓದಿ ನೀವು ಹೀಗೆ ಕೇಳಿದ್ದೀರಿ: "ನಮ್ಮ ಸುತ್ತ ಇರೋ ಸಿಮೆಂಟ್ ಫ್ಯಾಕ್ಟರಿಗೆಲ್ಲ ಸೋಲಾರ್ ಕರೆಂಟ್ ಕೊಟ್ರ ಕಾರ್ಬನ್ ನಿಂತು ಹೋಗ್ತದೇನ್ರಿ? ಅಮೆರಿಕದವ್ರು ನಮಗಿಂತ ಎಷ್ಟೋ ಪಟ್ಟು ಜಾಸ್ತಿ ಸುಡ್ತಾರ, ನಾವ್ಯಾಕ ಮನಿ ಕಟ್ಟೋದು ಬಿಡ್ಬೇಕು?"

ಮೊದಲನೇದಕ್ಕೆ ಉತ್ತರ, ಇಲ್ಲ, ನಿಲ್ಲಲ್ಲ. ಇದನ್ನ ನಾನು ಆ ಲೇಖನದಲ್ಲೇ ಹೇಳ್ಬೇಕಿತ್ತು, ಬಿಟ್ಟಿದ್ದು ತಪ್ಪು.

ನಾನು ಚಿಕ್ಕವನಿದ್ದಾಗ ನಮ್ಮೂರಾಚೆ ಒಂದು ಸುಣ್ಣದ ಗೂಡು ಇತ್ತು. ಗಾಡಿ ತುಂಬಾ ಕಲ್ಲು ಹಾಕೋರು, ಸುಟ್ಟಾದ್ಮೇಲೆ ತೆಗೆದ್ರೆ ಕಲ್ಲು ನೋಡೋಕೆ ಅಷ್ಟೇ ದಪ್ಪ, ಆದ್ರೆ ಕೈಲಿ ಹಿಡಿದ್ರೆ ಹಗುರ. ಆ ತೂಕ ಎಲ್ಲಿಗೆ ಹೋಯ್ತು ಅಂತ ಆಗ ಯೋಚ್ನೆ ಮಾಡಿರ್ಲಿಲ್ಲ. ಲೆಕ್ಕ ಇಷ್ಟೇ, ಶುದ್ಧ ಸುಣ್ಣದ ಕಲ್ಲು 100 ಕೆಜಿ ಸುಟ್ರೆ 56 ಕೆಜಿ ಸುಣ್ಣ ಉಳಿಯುತ್ತೆ, ಮಿಕ್ಕಿದ 44 ಕೆಜಿ ಕಾರ್ಬನ್ ಡೈಆಕ್ಸೈಡ್ ಆಗಿ ಗಾಳಿಗೆ ಹೋಗುತ್ತೆ. ನಿಮ್ಮೂರಿನ ಫ್ಯಾಕ್ಟರಿಯ ದೊಡ್ಡ ಗೂಡು, ಅಂದ್ರೆ ಕಿಲ್ನ್‌ನಲ್ಲಿ ಆಗೋದೂ ಇದೇ, ಜೊತೆಗೆ ಜೇಡಿಮಣ್ಣು ಸೇರಿಸಿ 1450 ಡಿಗ್ರಿವರೆಗೂ ಕಾಯಿಸಿ ಕ್ಲಿಂಕರ್ ಅನ್ನೋ ಗಟ್ಟಿ ಉಂಡೆ ಮಾಡ್ತಾರೆ, ಅದನ್ನ ಪುಡಿ ಮಾಡಿದ್ರೆ ಸಿಮೆಂಟು. ಸಿಮೆಂಟಿಂದ ಬರೋ ಕಾರ್ಬನ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಆ ಕಲ್ಲಿಂದಲೇ ಬರೋದು, ಉಳಿದಿದ್ರಲ್ಲಿ ದೊಡ್ಡ ಪಾಲು ಕಿಲ್ನ್ ಕಾಯಿಸೋ ಕಲ್ಲಿದ್ದಲಿನದು. ಕರೆಂಟಿನ ಪಾಲು ಸಣ್ಣದು. ಸೋಲಾರ್ ಹಾಕಿದ್ರೆ ಪುಡಿ ಮಾಡೋ ಮಿಲ್ಲು ಓಡುತ್ತೆ, ಒಳ್ಳೇದೇ, ಆದ್ರೆ ಕಲ್ಲೊಳಗಿನ ಗ್ಯಾಸು ಹೊರಗೆ ಬರೋದು ನಿಲ್ಲಲ್ವಲ್ಲ. ಪ್ರಪಂಚದ ಕಾರ್ಬನ್ ಡೈಆಕ್ಸೈಡ್‌ನಲ್ಲಿ ಶೇ. 7ರಿಂದ 8ರಷ್ಟು ಸಿಮೆಂಟೊಂದರಿಂದಲೇ ಬರುತ್ತೆ.

ಎರಡನೇ ಪ್ರಶ್ನೆಯಲ್ಲಿ ನಿಮ್ಮ ಸಿಟ್ಟು ನ್ಯಾಯವಾದದ್ದು. ವರ್ಷಕ್ಕೆ ತಲೆಗೆ ನಮ್ದು ಸುಮಾರು 2 ಟನ್ ಕಾರ್ಬನ್ ಡೈಆಕ್ಸೈಡ್, ಚೀನಾದ್ದು 8ರ ಹತ್ರ, ಅಮೆರಿಕದ್ದು 14ರ ಆಸುಪಾಸು. ತಗಡಿನ ಶೆಡ್ಡಲ್ಲಿ ಬೇಸಿಗೆ ಕಳೆಯೋ ಕುಟುಂಬಕ್ಕೆ ಮನೆ ಕಟ್ಬೇಡಿ ಅಂತ ಹೇಳೋ ಹಕ್ಕು ಯಾರಿಗೂ ಇಲ್ಲ, ನಾನಂತೂ ಹೇಳಲ್ಲ. ಆದ್ರೆ ಸಿಮೆಂಟ್ ತಯಾರಿಕೆಯಲ್ಲಿ ಚೀನಾ ಬಿಟ್ರೆ ನಾವೇ, ಇನ್ನೂ ಕಟ್ಟೋದು ಬೇಕಾದಷ್ಟಿದೆ, ಹಂಗಾಗಿ ಎಂಥ ಸಿಮೆಂಟಲ್ಲಿ ಕಟ್ತೀವಿ ಅನ್ನೋದು ನಮ್ ಕೈಲೇ ಇದೆ.

ಕ್ಲಿಂಕರ್ ಕಮ್ಮಿ ಮಾಡೋದೇ ಸದ್ಯಕ್ಕೆ ಇರೋ ದೊಡ್ಡ ದಾರಿ. ರಾಯಚೂರು ಶಕ್ತಿನಗರದಂಥ ಥರ್ಮಲ್ ಪ್ಲಾಂಟಿನ ಹಾರುಬೂದಿ ಸೇರಿಸಿದ್ರೆ ಪಿಪಿಸಿ ಅನ್ನೋ ಸಿಮೆಂಟ್, ಅದ್ರಲ್ಲಿ ಶೇ. 35ರವರೆಗೂ ಬೂದಿ ಇರ್ಬಹುದು. ತೋರಣಗಲ್ಲಿನಂಥ ಕಡೆ ಉಕ್ಕಿನ ಕಾರ್ಖಾನೆಯ ಕಬ್ಬಿಣದ ಕುಲುಮೆಯಿಂದ ಬರೋ ಕಿಟ್ಟ, ಅಂದ್ರೆ ಸ್ಲ್ಯಾಗ್, ಸೇರಿಸಿದ್ರೆ ಸ್ಲ್ಯಾಗ್ ಸಿಮೆಂಟ್. ನಾವು ಮೇಲೊಂದು ರೂಮ್ ಕಟ್ಟಿಸುವಾಗ ಮೇಸ್ತ್ರಿ ಚೀಲದ ಮೇಲೆ ಪಿಪಿಸಿ ಅಂತ ನೋಡಿದ್ದೇ, "ಬೂದಿ ಬೆರಕೆ ಮಾಲು ಸಾರ್, ಮೋಲ್ಡಿಗೆ ಬೇಡ, ಓಪಿಸಿ 53 ತರ್ಸಿ" ಅಂದ್ರು. ಓಪಿಸಿ ಅಂದ್ರೆ ಬೂದಿ ಬೆರೆಸದ ಮಾಮೂಲಿ ಸಿಮೆಂಟ್. ಅವರ ಭಯ ಸುಳ್ಳಲ್ಲ. ಬೂದಿ ಸಿಮೆಂಟು ಮೊದಲ ದಿನಗಳಲ್ಲಿ ನಿಧಾನಕ್ಕೆ ಗಟ್ಟಿಯಾಗುತ್ತೆ, ಸೆಂಟ್ರಿಂಗ್ ಬೇಗ ಬಿಚ್ಚಿ ನೀರೂ ಸರಿಯಾಗಿ ಹಾಕ್ದೆ ಇದ್ರೆ ಕೆಟ್ಟ ಹೆಸರು ಸಿಮೆಂಟಿಗೇ ಬರುತ್ತೆ. ಓಪಿಸಿಗೆ ಕನಿಷ್ಠ 7 ದಿನ ಕ್ಯೂರಿಂಗ್ (ನೀರು ಹಾಕಿ ಒದ್ದೆಯಾಗಿ ಇಡೋದು) ಇದ್ರೆ ಇದಕ್ಕೆ 10 ದಿನ, ನಿಮ್ಮ ಕಡೆಯ ಒಣ ಬಿಸಿಲಲ್ಲಿ 14. ನಾವು ಸ್ಲ್ಯಾಬ್ ಮೇಲೆ ಸುತ್ತ ಸಣ್ಣ ಕಟ್ಟೆ ಕಟ್ಟಿ ನೀರು ನಿಲ್ಲಿಸಿ, ಕಂಬಕ್ಕೆಲ್ಲ ಒದ್ದೆ ಗೋಣಿಚೀಲ ಸುತ್ತಿ, ಎಂಜಿನಿಯರ್ ಹೇಳೋವರೆಗೂ ಸೆಂಟ್ರಿಂಗ್ ಮುಟ್ಟಲಿಲ್ಲ. ಎಷ್ಟೋ ಮಳೆಗಾಲ ಕಳೀತು, ಒಂದು ಹನಿ ಸೋರಿಲ್ಲ. ಈಗ ಅದೇ ಮೇಸ್ತ್ರಿ ಬೇರೆ ಸೈಟಲ್ಲೂ ಪಿಪಿಸಿಗೆ ಬೇಡ ಅನ್ನಲ್ಲ, ನನಗೆ ಅದರಷ್ಟು ಖುಷಿ ಇನ್ನೊಂದಿಲ್ಲ.

ಇದ್ರಲ್ಲಿ ಒಂದು ತೊಡಕಿದೆ. ಬೂದಿ ಬೇಕು ಅಂದ್ರೆ ಕಲ್ಲಿದ್ದಲು ಸುಡ್ತಾನೇ ಇರ್ಬೇಕು, ನಾವು ನಿಲ್ಲಿಸ್ಬೇಕು ಅಂತಿರೋದೇ ಅದನ್ನ. ಅದಕ್ಕೇ ಈಗ ಎಲ್‌ಸಿ3 ಅನ್ನೋ ಹೊಸ ಬಗೆಯ ಸಿಮೆಂಟ್ ಬಂದಿದೆ, ಜೇಡಿಮಣ್ಣನ್ನ ಸುಮಾರು 800 ಡಿಗ್ರಿಯಲ್ಲಿ ಸುಟ್ಟು, ಸುಡದ ಸುಣ್ಣದ ಕಲ್ಲಿನ ಪುಡಿ ಬೆರೆಸಿ, ಕ್ಲಿಂಕರನ್ನ ಅರ್ಧಕ್ಕೆ ಇಳಿಸೋದು. ಸ್ವಿಟ್ಜರ್ಲೆಂಡ್, ಕ್ಯೂಬಾ ಮತ್ತು ನಮ್ಮ ಐಐಟಿಗಳವರು ಸೇರಿ ಮಾಡಿದ್ದು, 2023ರಲ್ಲಿ ನಮ್ಮ ದೇಶದ ಗುಣಮಟ್ಟದ ಐಎಸ್ ಸ್ಟ್ಯಾಂಡರ್ಡೂ ಬಂತು. ಓದಿದಾಗ ನನಗೆ ನೆನಪಾಗಿದ್ದು ಸುರ್ಕಿ. ಸುಟ್ಟ ಇಟ್ಟಿಗೆ ಪುಡಿ, ಸುಣ್ಣ ಸೇರಿಸಿ ಅರೆದ ಗಾರೆಯಲ್ಲೇ ಅಲ್ವಾ ಕನ್ನಂಬಾಡಿ ಕಟ್ಟೆ ನಿಂತಿರೋದು?

ಇನ್ನು ಗ್ಯಾಸನ್ನೇ ಹಿಡಿಯೋದು. ನಾರ್ವೆಯ ಬ್ರೆವಿಕ್ ಅನ್ನೋ ಊರಿನ ಸಿಮೆಂಟ್ ಫ್ಯಾಕ್ಟರಿಯಲ್ಲಿ 2025ರಿಂದ ವರ್ಷಕ್ಕೆ 4 ಲಕ್ಷ ಟನ್ ಹಿಡಿದು ಸಮುದ್ರದ ತಳದ ಕೆಳಗೆ ತುಂಬೋ ಏರ್ಪಾಡಾಗಿದೆ. ಅದೂ ಆ ಒಂದು ಫ್ಯಾಕ್ಟರಿಯ ಅರ್ಧ ಮಾತ್ರ, ಖರ್ಚಿನ ದೊಡ್ಡ ಪಾಲು ಅಲ್ಲಿನ ಸರ್ಕಾರ ಹೊತ್ತಿದೆ.

ದೀಪಾವಳಿ ಆದ್ಮೇಲೆ ಮನೆ ಶುರು ಮಾಡ್ತೀನಿ ಅಂದಿದ್ದೀರಿ. ಮಾಡಿ, ಚೆನ್ನಾಗಿ ಕಟ್ಟಿ. ಪಿಪಿಸಿನೋ ಸ್ಲ್ಯಾಗೋ ತರ್ಸಿ, 14 ದಿನ ನೀರಿಗೆ ಮೊದಲೇ ವ್ಯವಸ್ಥೆ ಮಾಡ್ಕೊಳ್ಳಿ. ನೆಲಕ್ಕೆ ಟೈಲ್ಸ್ ಅಂತ ಬರೆದಿದ್ದೀರಲ್ಲ, ಅದೊಂದು ಇನ್ನೊಮ್ಮೆ ಯೋಚ್ನೆ ಮಾಡಿ. ಶಹಾಬಾದ್ ಕಲ್ಲೂ ಸುಣ್ಣದ ಕಲ್ಲೇ, ನಿಮ್ಮ ಪಕ್ಕದಲ್ಲೇ ಸಿಗುತ್ತೆ, ಅದನ್ನ ಯಾರೂ ಸುಡಲ್ಲ, ಕೊಯ್ದು ಹಾಸ್ತಾರೆ ಅಷ್ಟೇ, ಅದರೊಳಗಿನ ಗ್ಯಾಸು ನಿಮ್ಮ ಕಾಲಡಿಯೇ ಇರುತ್ತೆ, ಬೇಸಿಗೆಯಲ್ಲಿ ತಂಪೂ ಹೌದು. ಮೋಲ್ಡ್ ಹಾಕಿದ ದಿನ ಒಂದು ಕಾಗದ ಬರೀರಿ.