ಉಳಿದದ್ದು ಎಲ್ಲಿ ಹೋಯಿತು?

ಪ್ರಿಯ ಮಿತ್ರರೇ,

ಕಾರವಾರದಿಂದ ನೀವು ಕಳಿಸಿದ ಎಂಟ್ರೊಪಿ (ಬಿಸಿ ಎಷ್ಟು ಹರಡಿಹೋಯಿತು ಅನ್ನುವುದರ ಅಳತೆ) ಲೇಖನ ಓದಿದೆ. ಕೈಗಾ ಅಣುಸ್ಥಾವರದ ಬಿಸಿಯನ್ನು ಕದ್ರಾ ಜಲಾಶಯದ ನೀರು ಹೊತ್ತೊಯ್ಯುವ ಆರಂಭ ಚೆನ್ನಾಗಿದೆ. ಭಾಷೆಯೂ ಸಲೀಸು. ಆದರೆ ಮೂರನೇ ಪ್ಯಾರಾದಲ್ಲಿ ಸಿಕ್ಕಿಬಿದ್ದೆ. ಕೈಯಲ್ಲಿದ್ದ ಚಹಾ ಆರಿಹೋಯಿತು.

‘ಒಲೆ 327 ಡಿಗ್ರಿ, ನೀರು 27 ಡಿಗ್ರಿ, ದಕ್ಷತೆ ಶೇ 92.’ ಒಲೆಯಿಂದ ಬಿಸಿ ಪಡೆದು ನೀರಿಗೆ ಬಿಡುವ ಆದರ್ಶ ಎಂಜಿನ್ ಆ ಬಿಸಿಯ ಎಷ್ಟು ಪಾಲನ್ನು ಕೆಲಸವಾಗಿಸುತ್ತದೆ ಅನ್ನುವ ಲೆಕ್ಕ ಇದು. 27ನ್ನು 327ರಿಂದ ಭಾಗಿಸಿ, ಬಂದದ್ದನ್ನು ಒಂದರಿಂದ ಕಳೆದಿದ್ದೀರಿ, ಅಲ್ವಾ? ಸೆಲ್ಸಿಯಸ್ಸಿಗೆ 273 ಕೂಡಿಸಬೇಕಿತ್ತು. ಆಗ 600 ಮತ್ತು 300 ಕೆಲ್ವಿನ್. ದಕ್ಷತೆ ಶೇ 50. ಇದು ಅವಸರದ ತಪ್ಪು, ಹೋಗಲಿ.

ಅದರ ಮುಂದಿನ ಸಾಲು ಮಾತ್ರ ಬಿಡಲಾರೆ. ‘ರಿವರ್ಸಿಬಲ್ ಎಂಜಿನ್‌ನಲ್ಲಿ ಎಂಟ್ರೊಪಿ ಬದಲಾಗುವುದೇ ಇಲ್ಲ.’ ರಿವರ್ಸಿಬಲ್ ಅಂದರೆ ಏನೂ ಪೋಲಾಗದೆ ಹಿಂದಕ್ಕೂ ಓಡಿಸಬಹುದಾದ ಆದರ್ಶ ಎಂಜಿನ್, ಸರಿ. ಆದರೆ ಯಾವುದರ ಎಂಟ್ರೊಪಿ? ಒಲೆಯದ್ದೋ, ನೀರಿನದ್ದೋ, ಸಿಲಿಂಡರಿನ ಅನಿಲದ್ದೋ? ಒಲೆ 1000 ಜೂಲ್ ಕೊಟ್ಟಿತು ಅನ್ನಿ. ಸಾಗಿದ ಬಿಸಿಯನ್ನು ಕೆಲ್ವಿನ್ ತಾಪಮಾನದಿಂದ ಭಾಗಿಸಿದರೆ ಎಂಟ್ರೊಪಿ ಎಷ್ಟು ಬದಲಾಯಿತು ಅಂತ ಸಿಗುತ್ತದೆ. 1000ವನ್ನು 600ರಿಂದ ಭಾಗಿಸಿ. ಒಲೆಯ ಎಂಟ್ರೊಪಿ ಕೆಲ್ವಿನ್‌ಗೆ ಸುಮಾರು 1.67 ಜೂಲ್ ಇಳಿಯಿತು. ಎಂಜಿನ್ 500 ಜೂಲ್ ಕೆಲಸ ಮಾಡಿ, ಉಳಿದ 500 ನೀರಿಗೆ ಬಿಟ್ಟಿತು. ಅದನ್ನು 300ರಿಂದ ಭಾಗಿಸಿದರೆ ನೀರಿನದ್ದು ಅಷ್ಟೇ ಏರಿತು. ಅನಿಲದ್ದು ಬಿಸಿ ಹೀರಿ ಹಿಗ್ಗುವಾಗ ಏರಿ, ಬಿಸಿ ಬಿಟ್ಟು ಕುಗ್ಗುವಾಗ ಇಳಿದು, ಸುತ್ತು ಮುಗಿದಾಗ ಮೊದಲಿದ್ದಲ್ಲೇ ನಿಂತಿತು. ಒಟ್ಟು ಸೊನ್ನೆ. ಬದಲಾಗಲಿಲ್ಲ ಅಂತಲ್ಲ, ಬದಲಾದದ್ದು ಸರಿದೂಗಿತು. ಅದೇ 1000 ಜೂಲ್ ಎಂಜಿನ್ ಇಲ್ಲದೆ ಸುಮ್ನೆ ನೀರಿಗೆ ಹರಿದಿದ್ದರೆ, ನೀರಿನದ್ದು 3.33 ಏರುತ್ತಿತ್ತು. ಒಲೆಯ 1.67 ಕಳೆದರೂ 1.67 ಜಾಸ್ತಿಯೇ ಉಳಿಯುತ್ತಿತ್ತು. ಈ ಹೋಲಿಕೆ ಇಲ್ಲದೆ ‘ರಿವರ್ಸಿಬಲ್’ ಅನ್ನುವ ಪದಕ್ಕೆ ಓದುಗ ಯಾಕೆ ತಲೆ ಕೆಡಿಸಿಕೊಳ್ಳಬೇಕು?

ನಾನು ಪತ್ರಿಕೆಗೆ ಸೇರಿದ ಹೊಸತರಲ್ಲಿ ಶಿರಸಿ ಹತ್ತಿರದ ಆಲೆಮನೆ ಬಗ್ಗೆ ಬರೆದಿದ್ದೆ. ‘ಕೊಪ್ಪರಿಗೆ ತುಂಬ ಇದ್ದ ಕಬ್ಬಿನ ಹಾಲು ಬೆಲ್ಲವಾಯಿತು’ ಅಂತ. ಹಿರಿಯ ಸಂಪಾದಕರು ಆ ಸಾಲಿನ ಕೆಳಗೆ ಪೆನ್ಸಿಲ್ ಎಳೆದರು. ‘ತಮ್ಮಾ, ಎಷ್ಟು ಹಾಲು ಹೊಯ್ದರು? ಎಷ್ಟು ಬೆಲ್ಲ ಬಂತು? ಉಳಿದದ್ದು ಎಲ್ಲಿ ಹೋಯಿತು?’ ನನಗೆ ಗೊತ್ತಿರಲಿಲ್ಲ. ಜೋನಿಬೆಲ್ಲ ನೆಕ್ಕಿಕೊಂಡು ಬಂದಿದ್ದೆ, ಅಷ್ಟೆ. ಮರುದಿನ ಬೆಳಗಿನ ಬಸ್ಸಿಗೆ ವಾಪಸ್ ಕಳಿಸಿದರು. ಹೊತ್ತು ಮುಳುಗುವವರೆಗೆ ಒಲೆ ಬಾಯಿಯ ಹತ್ತಿರ ಕೂತು ಹಬೆ ನೋಡಿದೆ. ಆಗಿನ ಸಿಟ್ಟು ಇನ್ನೂ ನೆನಪಿದೆ.

ನಿಮ್ಮ ಮೂರನೇ ಪ್ಯಾರಾ ಮತ್ತೆ ಬರೆದು ಕಳಿಸಿ. ಒಲೆಗೊಂದು, ನೀರಿಗೊಂದು, ಅನಿಲಕ್ಕೊಂದು ಸಾಲು ಇರಲಿ.