ತಾತನಿಗೆ ನಿಜಕ್ಕೂ ನೂರಾಯ್ತಾ?

ಪ್ರಶ್ನೆ: ನಮ್ಮ ತಾತ ಶಾಲೆಗೆ ಹೋದವರಲ್ಲ. ಚಿಕ್ಕವರಿದ್ದಾಗ ಊರ ಸಾಹುಕಾರರ ಎಮ್ಮೆ ಕಾಯ್ದರು, ಆಮೇಲೆ ಎತ್ತು ಕಟ್ಟಿ ಬಾವಿ ನೀರೆತ್ತೋ ಕಪಿಲೆ ಹೊಡೆದರು, ಅಲ್ಲಿಂದ ಮುಂದೆ ಮೂವತ್ತು ವರ್ಷಕ್ಕೂ ಜಾಸ್ತಿ ಊರೂರು ತಿರುಗಿ ಬಾವಿ ತೋಡಿದರು. ಆಧಾರ್ ಕಾರ್ಡಿನಲ್ಲಿ ಹುಟ್ಟಿದ ದಿನ 1-1-1940 ಅಂತಿದೆ. ಊರಿನವರು ನೂರು ದಾಟಿದೆ ಅಂತಾರೆ. ತಾತನನ್ನು ಕೇಳಿದರೆ "ನಮ್ಮವ್ವ ಪ್ರಜೋತ್ಪತ್ತಿ ಅಂತಿದ್ಲು. ವಿದುರಾಶ್ವತ್ಥದಲ್ಲಿ ಗೋಲಿಬಾರ್ ಆದಾಗ ಎಮ್ಮೆ ಬಿಟ್ಟು ಓಡಿ ಬಂದಿದ್ದೆ" ಅಂತಾರೆ. ಚಿಕ್ಕಪ್ಪಂದಿರು ನೂರರ ಹಬ್ಬ ಮಾಡ್ತೀವಿ, ಬ್ಯಾನರ್ ಹಾಕಿಸ್ತೀವಿ ಅಂತ ಹೊರಟಿದ್ದಾರೆ. ಯಾವ ವಯಸ್ಸು ಹಾಕಿಸೋದು? ಇನ್ನೊಂದು, ಅವರ ಕಥೆ ಬರೆದಿಡೋ ಆಸೆ ನನಗೆ. ಕೇಳಿದರೆ "ಏನೈತೆ ಹೇಳೋಕೆ, ದುಡಿದೆ, ಉಂಡೆ" ಅಂದು ಸುಮ್ಮನಾಗ್ತಾರೆ.
– ಓದುಗ, ಗೌರಿಬಿದನೂರು ತಾಲ್ಲೂಕು

ಉತ್ತರ: ಬ್ಯಾನರಿಗೆ ಮುಂಗಡ ಕೊಟ್ಟಿಲ್ಲ ತಾನೆ? ಹಾಗಿದ್ರೆ ಎರಡು ದಿನ ತಡೆಯಿರಿ.

ಮೊದಲು ಕಾರ್ಡು ಪಕ್ಕಕ್ಕಿಡಿ. ಆಧಾರ್ ಮಾಡಿಸುವಾಗ ದಾಖಲೆ ಇಲ್ಲದೆ ಬರೀ ವಯಸ್ಸು ಹೇಳಿದವರಿಗೆ ವರ್ಷವನ್ನು ಕಳೆದು ಕೂಡಿ, ಜನವರಿ 1 ಅಂತ ಹಾಕಿಬಿಟ್ಟರು. ನಿಮ್ಮೂರಿನ ಹಳಬರ ಕಾರ್ಡುಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿ, ಅರ್ಧ ಊರು ಜನವರಿ 1ರಂದೇ ಹುಟ್ಟಿರುತ್ತೆ!

ನಿಮ್ಮ ಕೈಯಲ್ಲಿ ಅದಕ್ಕಿಂತ ಗಟ್ಟಿ ಸಾಕ್ಷಿ ಎರಡಿವೆ. ಪ್ರಜೋತ್ಪತ್ತಿ ಸಂವತ್ಸರ ಅಂದರೆ 1931ರ ಯುಗಾದಿಯಿಂದ 1932ರ ಯುಗಾದಿವರೆಗೆ. ವಿದುರಾಶ್ವತ್ಥದ ಗೋಲಿಬಾರ್ ಆಗಿದ್ದು 1938ರ ಏಪ್ರಿಲ್ 25ಕ್ಕೆ. ಜಾತ್ರೆಯ ಹೊತ್ತಿನಲ್ಲಿ ಕಾಂಗ್ರೆಸ್‌ನವರು ಧ್ವಜ ಸತ್ಯಾಗ್ರಹ ಮಾಡಿದರು, ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರೆಷ್ಟು ಅನ್ನೋದರಲ್ಲಿ ಸರ್ಕಾರದ ಲೆಕ್ಕವೇ ಬೇರೆ, ಜನರ ಲೆಕ್ಕವೇ ಬೇರೆ. ಅದಿರಲಿ, ಆಗ ತಾತನಿಗೆ ಆರೇಳು ವರ್ಷ. ಎಮ್ಮೆ ಹಿಂದೆ ಕಳಿಸೋ ವಯಸ್ಸೇ ಅದು, ಆ ಕಾಲದಲ್ಲಿ. ಅಮ್ಮ ಹೇಳಿದ್ದೂ ತಾತ ನೆನಪಿಟ್ಟಿದ್ದೂ ಒಂದಕ್ಕೊಂದು ಸರಿಯಾಗಿ ಕೂರುತ್ತವೆ. ಅಂದರೆ ಕಾರ್ಡು ಎಂಟೊಂಬತ್ತು ವರ್ಷ ನುಂಗಿದೆ, ಊರಿನವರು ಐದಾರು ವರ್ಷ ಕೊಸರು ಹಾಕಿದ್ದಾರೆ. 94 ದಾಟಿದ ಮುದುಕ. ಅದೇನು ಕಮ್ಮಿ ಅಲ್ಲ.

ಸಂವತ್ಸರದ ಲೆಕ್ಕದಲ್ಲಿ ಒಂದು ಎಡವಟ್ಟಿದೆ, ಬೇರೆ ಓದುಗರೂ ಗಮನಿಸಿ. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ತಿರುಗಿ ಬರುತ್ತೆ. ಧಾತು ಸಂವತ್ಸರ 1936ರಲ್ಲೂ ಬಂತು, 1876ರಲ್ಲೂ ಬಂದಿತ್ತು. ಹಳಬರು 'ಧಾತು ಬರ' ಅಂತಿದ್ದದ್ದು ಆ ಹಿಂದಿನದನ್ನು. 1871ರಲ್ಲಿ 50 ಲಕ್ಷ ಇದ್ದ ಮೈಸೂರು ಸಂಸ್ಥಾನದ ಜನ 1881ರ ಗಣತಿಯಲ್ಲಿ 42 ಲಕ್ಷಕ್ಕೆ ಇಳಿದಿದ್ದರು. ಅಜ್ಜಿ ಹೇಳಿದ ಬರದ ಕಥೆಯನ್ನು ತನ್ನದೇ ಅನ್ನೋ ಹಾಗೆ ಹೇಳೋ ಮುದುಕರಿದ್ದಾರೆ, ಹುಷಾರು.

ಇನ್ನು ಕಥೆ ಬರೆಯೋ ವಿಷಯ. ನಾನು ಮಾಡಿದ ತಪ್ಪನ್ನೇ ಹೇಳ್ತೀನಿ. ನಮ್ಮ ದೊಡ್ಡಪ್ಪ ಕೊರಟಗೆರೆ ಕಡೆಯವರು, ಕೆರೆ ಕೆಲಸ, ಕಲ್ಲು ಕೆಲಸ ಮಾಡಿದವರು. ಅವರನ್ನು ಕುರ್ಚಿ ಮೇಲೆ ಕೂರಿಸಿ, ಮುಂದೆ ಮೊಬೈಲ್ ಇಟ್ಟು, "ದೊಡ್ಡಪ್ಪ, ನಿಮ್ಮ ಜೀವನದ ಬಗ್ಗೆ ಹೇಳಿ" ಅಂದೆ. ನಾಲ್ಕು ನಿಮಿಷದ ರೆಕಾರ್ಡಿಂಗ್‌ನಲ್ಲಿ ಮೂರು ನಿಮಿಷ ಕೆಮ್ಮು. ಆಮೇಲೊಂದು ದಿನ ಆಟೋದಲ್ಲಿ ಕೆರೆ ಏರಿ ಮೇಲೆ ಬರ್ತಿದ್ದಾಗ "ನಿಲ್ಲಿಸೋ" ಅಂದರು. ತೂಬಿನ ಹತ್ತಿರ ಇಳಿದು, ಒಂದು ಕಲ್ಲನ್ನು ಅಂಗೈಯಿಂದ ಸವರಿ, ಇದನ್ನು ಎಲ್ಲಿಂದ ತಂದೆವು, ಎಷ್ಟು ಜೊತೆ ಎತ್ತು ಬೇಕಾಯ್ತು, ಯಾರ ಕಾಲು ಸಿಕ್ಕಿಕೊಳ್ತು, ಸಂಜೆ ಯಾರ ಮನೆಯಲ್ಲಿ ಉಂಡೆವು ಅಂತ ಕತ್ತಲಾಗೋವರೆಗೂ ಹೇಳಿದರು. ನನ್ನ ಮೊಬೈಲ್‌ನಲ್ಲಿ ಚಾರ್ಜೇ ಇರಲಿಲ್ಲ. ಆಟೋದವನು ಬೈಕೊಂಡು ಡಬಲ್ ಬಾಡಿಗೆ ತಗೊಂಡ.

ದುಡಿದವರಿಗೆ ಇಸವಿ ನೆನಪಿರಲ್ಲ, ಕೆಲಸ ನೆನಪಿರುತ್ತೆ. "ಯಾವ ವರ್ಷ" ಅಂತ ಕೇಳಲೇಬೇಡಿ. ಯಾವ ಬಾವಿ, ಯಾರ ಹೊಲದ್ದು, ಎಷ್ಟು ಆಳಕ್ಕೆ ಬಂಡೆ ಸಿಕ್ತು, ನೀರು ಯಾವ ಮೂಲೆಯಿಂದ ಬಂತು ಅಂತ ಕೇಳಿ. ಮಣ್ಣು ಮುಗಿದು ಗರಸು, ಗರಸು ಮುಗಿದು ಬಂಡೆ. ಬಂಡೆ ಬಂದ ಮೇಲೆ ಒಬ್ಬ ಉಳಿ ಹಿಡಿದು ತಿರುಗಿಸಬೇಕು, ಇನ್ನೊಬ್ಬ ಸುತ್ತಿಗೆ ಹೊಡೀಬೇಕು, ಕುಳಿ ಆದ ಮೇಲೆ ಮದ್ದು ತುಂಬಿ ಬತ್ತಿಗೆ ಬೆಂಕಿ ಕೊಟ್ಟು ಮೇಲೆ ಹತ್ತಬೇಕು. ಉಳಿ ಹಿಡಿಯೋನ ಬೆರಳು ಹೋಗೋದು ಮಾಮೂಲು. ತಾತನ ಕೈ ಒಮ್ಮೆ ಸರಿಯಾಗಿ ನೋಡಿ, ಅಲ್ಲೇ ಒಂದು ಅಧ್ಯಾಯ ಇರುತ್ತೆ.

ಕಪಿಲೆ ಹೊಡೆದವರು ಅಂದಿರಲ್ಲ, ಅದನ್ನು ಬಿಡಿಸಿ ಕೇಳಿ, ಏಕೆಂದರೆ ಅದನ್ನು ಮಾಡಿ ತೋರಿಸೋರು ಈಗ ಇಲ್ಲವೇ ಇಲ್ಲ ಅನ್ನಬಹುದು. ಎತ್ತುಗಳು ಇಳಿಜಾರಿನಲ್ಲಿ ಮುಂದಕ್ಕೆ ಇಳಿಯುತ್ತವೆ, ಬಾವಿಯಿಂದ ತೊಗಲಿನ ಚೀಲ ಮೇಲೆ ಬರುತ್ತೆ. ಇಳಿಯುವಾಗ ಹೊಡೆಯೋನು ಹಗ್ಗದ ಮೇಲೇ ಕೂತು ಭಾರ ಹಾಕುತ್ತಾನೆ. ನೀರು ಸುರಿದ ಮೇಲೆ ಎತ್ತುಗಳನ್ನು ಹಿಂದಕ್ಕೆ ಹತ್ತಿಸಬೇಕು, ಹಾಗೇ ಹಿಮ್ಮುಖವಾಗಿ. ಬೆಳಗಿನ ಜಾವದಿಂದ ಹೊತ್ತೇರೋವರೆಗೂ ಇದೇ. ಎತ್ತಿಗೆ ಹಿಂದೆ ನಡೆಯೋದು ಹೇಗೆ ಕಲಿಸ್ತಿದ್ರು ಅಂತ ಕೇಳಿ ನೋಡಿ, ತಾತ ಎದ್ದು ನಿಲ್ತಾರೆ.

ಇಸವಿ ಕೂರಿಸೋದು ನಿಮ್ಮ ಕೆಲಸ. ಆಣೆ ಹೋಗಿ ನಯಾ ಪೈಸೆ ಬಂದಾಗ ಯಾರ ಹತ್ತಿರ ಕೂಲಿ ಇದ್ದೆ ಅಂದರೆ 1957 ಸಿಗುತ್ತೆ. ಉಳುವವನಿಗೇ ಭೂಮಿ ಅಂತ ಅರ್ಜಿ ಹಾಕಿದ್ದು ದೇವರಾಜ ಅರಸರ ಕಾಲ, 1974ರ ಕಾಯ್ದೆ ಬಂದ ಮೇಲೆ. ಜೀತ ನಿಂತಿದ್ದು ತುರ್ತು ಪರಿಸ್ಥಿತಿಯಲ್ಲಿ, 1975ರ ಅಕ್ಟೋಬರ್‌ನ ಸುಗ್ರೀವಾಜ್ಞೆಯಿಂದ. ಕಾಗದದ ಮೇಲೆ ನಿಂತಿದ್ದು ಅದು, ಊರಲ್ಲಿ ನಿಂತಿದ್ದು ಯಾವಾಗ ಅನ್ನೋದನ್ನು ತಾತನೇ ಹೇಳಬೇಕು. ಸಾಹುಕಾರರ ಎಮ್ಮೆ ಕಾಯ್ದದ್ದು ಕೂಲಿಗೋ, ಅವರಪ್ಪ ಮಾಡಿದ ಸಾಲಕ್ಕೋ? ಮೆಲ್ಲಗೆ ಕೇಳಿ, ಎಲ್ಲರ ಎದುರು ಬೇಡ. ಹೇಳಲ್ಲ ಅಂದರೆ ಬಿಟ್ಟುಬಿಡಿ.

ಪ್ರಶ್ನೆ: ಇಷ್ಟು ವರ್ಷ ಬದುಕಿರೋದು ರಾಗಿ ಮುದ್ದೆಯಿಂದಲೇ ಅಂತ ಮನೆಯಲ್ಲಿ ಎಲ್ಲರೂ ಹೇಳ್ತಾರೆ. ನಿಜಾನಾ?
– ಅದೇ ಓದುಗ

ಉತ್ತರ: ನಾನೂ ಮುದ್ದೆ ತಿಂದು ಬೆಳೆದವನೇ, ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇದೆ ಅಂತಲೂ ಗೊತ್ತು. ಆದರೆ ತಾತನ ಜೊತೆ ಹುಟ್ಟಿದವರು ಎಷ್ಟು ಜನ, ಉಳಿದವರು ಎಷ್ಟು ಜನ ಅಂತ ಒಮ್ಮೆ ಕೇಳಿ. ಅವರೂ ಅದೇ ಮುದ್ದೆ ತಿಂದವರು ಅಲ್ವಾ? ಸ್ವಾತಂತ್ರ್ಯ ಬಂದಾಗ ನಮ್ಮ ದೇಶದಲ್ಲಿ ಸರಾಸರಿ ಆಯುಸ್ಸು 32ರ ಆಸುಪಾಸು. ಸಿಡುಬು, ಮಲೇರಿಯಾ, ವಾಂತಿ ಭೇದಿ, ಬಾಣಂತಿ ಸಾವು ಎಲ್ಲ ದಾಟಿ ಬಂದವರನ್ನಷ್ಟೇ ನಾವು ನೋಡ್ತೀವಿ. ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ 1907ರಿಂದ 2019ರವರೆಗೆ 111 ವರ್ಷ ಬದುಕಿದರು. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರೂ ನೂರು ದಾಟಿಯೇ 1962ರಲ್ಲಿ ಹೋದರು. ಗುಬ್ಬಿ ತಾಲ್ಲೂಕಲ್ಲಿ ಹುಟ್ಟಿದ ಸಾಲುಮರದ ತಿಮ್ಮಕ್ಕ ಕೂಲಿ ಮಾಡಿ ಬದುಕಿದವರು. ಒಬ್ಬರು ಮಠ, ಒಬ್ಬರು ಎಂಜಿನಿಯರು, ಒಬ್ಬರು ಕೂಲಿ. ಮೂವರಿಗೂ ಒಂದೇ ಗುಟ್ಟು ಹುಡುಕೋಕೆ ಹೋದರೆ ಸುಮ್ನೆ ತಲೆನೋವು.

ಊಟಕ್ಕಿಂತ ನೀರಿನ ಕಡೆ ನೋಡಿ ಅಂತೀನಿ ನಾನು. ತಾತ ಪ್ರಾಯದಲ್ಲಿ ಕುಡಿದಿದ್ದು ತೆರೆದ ಬಾವಿ ನೀರು. ನಿಮ್ಮಪ್ಪನ ಕಾಲಕ್ಕೆ ಬೋರ್‌ವೆಲ್ ಬಂತು, ಆಳ ಹೋದಂತೆ ಬಹಳ ಕಡೆ ಫ್ಲೋರೈಡ್ ಬಂತು. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಬಾರದು. ಪಾವಗಡದಿಂದ ಬಾಗೇಪಲ್ಲಿವರೆಗೆ ಹಲ್ಲು ಕಂದಿದ ಮಕ್ಕಳು, ಐವತ್ತಕ್ಕೇ ಬಗ್ಗಿದ ಸೊಂಟ ಕಾಣ್ತೀವಿ. ನಿಮ್ಮನೆ ನೀರು ಪರೀಕ್ಷೆ ಮಾಡಿಸಿದ್ದೀರಾ?

ಪ್ರಶ್ನೆ: ಆಧಾರ್‌ನಲ್ಲಿ ಹುಟ್ಟಿದ ದಿನ ಸರಿ ಮಾಡಿಸಲಾ?
– ಅದೇ ಓದುಗ

ಉತ್ತರ: ಬೇಡ. ಅದಕ್ಕೆ ದಾಖಲೆ ಕೇಳ್ತಾರೆ, ಅಮ್ಮ ಹೇಳಿದ ಪ್ರಜೋತ್ಪತ್ತಿ ದಾಖಲೆ ಆಗಲ್ಲ. ಸಂಧ್ಯಾ ಸುರಕ್ಷಾ ಪಿಂಚಣಿಗೆ 65 ಆಗಿದ್ದರೆ ಸಾಕು, ಕಾರ್ಡಿನ ಪ್ರಕಾರವೂ ಅದು ಯಾವತ್ತೋ ಆಗಿದೆ. ಬರ್ತಿರೋ ದುಡ್ಡಿಗೆ ಕಲ್ಲು ಹಾಕಿಕೊಳ್ಳಬೇಡಿ.

ಬ್ಯಾನರಲ್ಲಿ ಅಂಕಿ ಬೇಕೇ ಬೇಕು ಅಂತ ಚಿಕ್ಕಪ್ಪಂದಿರು ಹಟ ಹಿಡಿದರೆ, ತಾತ ಒಟ್ಟು ಎಷ್ಟು ಬಾವಿ ತೋಡಿದರು ಅಂತ ಎಣಿಸಿ ಅದನ್ನು ಹಾಕಿಸಿ. ಎಣಿಸೋಕೆ ಅವರನ್ನೇ ಕರ್ಕೊಂಡು ಹೋಗಿ, ಬೆಳಗ್ಗೆ ಬಿಸಿಲೇರೋ ಮುಂಚೆ. ಒಳಗೆ ಇಳಿಯೋಕೆ ಮಾತ್ರ ಬಿಡಬೇಡಿ, ಹಳೇ ಬಾವಿ ಮೆಟ್ಟಿಲು ಕುಸಿದಿರುತ್ತೆ. ಮೊಬೈಲ್ ಚಾರ್ಜ್ ಮಾಡ್ಕೊಂಡು ಹೋಗಿ.