ಓದುಗರ ಪ್ರಶ್ನೆ: ಹಳೇ ಹತ್ತಿ ಮಿಲ್ ಹತ್ತಿರ ಬಚ್ಚಿಟ್ಟ ಡಬ್ಬಿ

ಪ್ರಶ್ನೆ: ಮಗನ ಮನೆಗೆ ಅಂತ ಅಮೆರಿಕದ ಮ್ಯಾಸಚೂಸೆಟ್ಸ್‌ಗೆ ಬಂದಿದೀನಿ. ಮೊಮ್ಮಗನಿಗೆ ಜಿಯೋಕ್ಯಾಶಿಂಗ್ ಹುಚ್ಚು, ಅಂದ್ರೆ ಬೇರೆಯವರು ಬಚ್ಚಿಟ್ಟ ಡಬ್ಬಿನ ಜಿಪಿಎಸ್ ನೋಡ್ಕೊಂಡು ಹುಡುಕೋ ಆಟ. ಹೋದ ಭಾನುವಾರ ಲೋವೆಲ್ ಊರಿನ ಬೂಟ್ ಅನ್ನೋ ಹಳೇ ಹತ್ತಿ ಮಿಲ್ ಹತ್ತಿರ ಫೋನ್ ಹಿಡ್ಕೊಂಡು ಗೋಡೆ, ಕಂಬಿ ಎಲ್ಲಾ ತಡಕಾಡಿದ, ಡಬ್ಬಿ ಸಿಗ್ಲಿಲ್ಲ. ಸಡಿಲ ಇದ್ದ ಒಂದು ಇಟ್ಟಿಗೆ ಎಳೆಯೋಕೆ ಹೋದ, ನಾನು ಕೈ ಹಿಡ್ಕೊಂಡೆ. ಇದೆಲ್ಲ ಸರೀನಾ? ಆ ಹಳೇ ಕಟ್ಟಡದಲ್ಲಿ ನೋಡೋಕೆ ಏನಿದೆ?
– ಶಿವಮೊಗ್ಗದ ಒಬ್ಬ ಓದುಗರು

ಉತ್ತರ: ಕೈ ಹಿಡ್ಕೊಂಡಿದ್ದು ತುಂಬಾ ಒಳ್ಳೇದಾಯ್ತು. ಆಟ ಖಂಡಿತ ಸರಿ, ಇಟ್ಟಿಗೆ ಎಳೆಯೋದು ಮಾತ್ರ ತಪ್ಪು. ಈ ಆಟ ಶುರುವಾಗಿದ್ದು 2000ನೇ ಇಸವಿ ಮೇ ತಿಂಗಳಲ್ಲಿ, ಅಮೆರಿಕ ಸರ್ಕಾರ ಸಾಮಾನ್ಯ ಜನರ ಜಿಪಿಎಸ್ ಸಿಗ್ನಲ್‌ನ ಬೇಕಂತಲೇ ಮಸುಕು ಮಾಡ್ತಾ ಇದ್ದಿದ್ದನ್ನ ನಿಲ್ಲಿಸಿದ ತಕ್ಷಣ ಆರೆಗಾನ್ ರಾಜ್ಯದಲ್ಲಿ ಒಬ್ಬರು ಒಂದು ಬಕೆಟ್ ಬಚ್ಚಿಟ್ಟು ಅದರ ಅಕ್ಷಾಂಶ ರೇಖಾಂಶ ಎಲ್ಲರಿಗೂ ತಿಳಿಸಿಬಿಟ್ರು, ಅಲ್ಲಿಂದ ಹಬ್ಬಿತು. ಕಟ್ಟಡಕ್ಕೆ ಪೆಟ್ಟು ಮಾಡಬಾರದು, ನೆಲ ಅಗೆದು ಹೂಳಬಾರದು, ಜಾಗದ ಮಾಲೀಕರ ಒಪ್ಪಿಗೆ ಬೇಕು ಅನ್ನೋದು ಇದರ ನಿಯಮ. ಹಾಗಾಗಿ ಏನನ್ನಾದ್ರೂ ಕಿತ್ತರೇನೇ ಡಬ್ಬಿ ಸಿಗುತ್ತೆ ಅನ್ನಿಸಿದ್ರೆ ಅದು ಅಲ್ಲಿಲ್ಲ ಅಂತಾನೇ ಅರ್ಥ ಮಾಡ್ಕೊಳ್ಳಿ.

ಇನ್ನೊಂದು ವಿಷ್ಯ, ಎತ್ತರದ ಗೋಡೆ ಪಕ್ಕ ಸಿಗ್ನಲ್ ಬಡಿದು ವಾಪಸ್ ಬರುತ್ತೆ, ಫೋನ್ ತೋರ್ಸೋ ಜಾಗ ಹತ್ತು ಮೀಟರ್ ಆಚೀಚೆ ಆಗೋದು ಮಾಮೂಲಿ. ಹತ್ತಿರ ಬಂದ್ಮೇಲೆ ಫೋನ್ ಜೇಬಿಗೆ ಹಾಕಿ ಕಣ್ಣಿಂದ ಹುಡುಕೋಕೆ ಹೇಳಿ. ಪೇಟೆ ಒಳಗೆ ಸಾಮಾನ್ಯವಾಗಿ ದೊಡ್ಡ ಡಬ್ಬಿ ಇರಲ್ಲ, ಕಂಬಿ ಹಿಂದೆ ಮ್ಯಾಗ್ನೆಟ್‌ನಲ್ಲಿ ಅಂಟಿರೋ ಬೆರಳ ತುದಿಯಷ್ಟು ಚಿಕ್ಕದೂ ಇರುತ್ತೆ, ಒಳಗೆ ಹೆಸರು ಬರೆಯೋಕೆ ಸುರುಳಿ ಸುತ್ತಿದ ಒಂದು ಕಾಗದ ಅಷ್ಟೇ. ಹೋಗೋಕೆ ಮುಂಚೆ ಆ್ಯಪ್‌ನಲ್ಲಿ ಹಿಂದಿನವರು ಬರೆದಿದ್ದು ಓದಿ, ಕೊನೇ ನಾಲ್ಕೈದು ಜನಕ್ಕೂ ಸಿಕ್ಕಿಲ್ಲ ಅಂದ್ರೆ ಡಬ್ಬಿ ಕಳೆದುಹೋಗಿರಬಹುದು.

ಈಗ ಮಿಲ್ ವಿಷ್ಯಕ್ಕೆ ಬರ್ತೀನಿ, ನನಗೆ ಇದೇ ಮುಖ್ಯ. ಮುಂದಿನ ಸಲ ಮಿಲ್ ಎಲ್ಲಿ ನಿಂತಿದೆ ಅನ್ನೋದನ್ನ ಮೊದಲು ಮೊಮ್ಮಗನಿಗೆ ತೋರಿಸಿ. ಒಂದು ಕಡೆ ಕಾಲುವೆ, ಇನ್ನೊಂದು ಕಡೆ ಮೆರಿಮ್ಯಾಕ್ ನದಿ, ಕಾಲುವೆ ನೀರು ಮೇಲಿದೆ ನದಿ ಕೆಳಗಿದೆ. ಆ ಎತ್ತರದ ವ್ಯತ್ಯಾಸಕ್ಕೋಸ್ಕರಾನೇ ಮಿಲ್ ಅಲ್ಲಿ ಕಟ್ಟಿದ್ದು. ನೀರು ಕಟ್ಟಡದ ಅಡಿಯಲ್ಲಿ ಚಕ್ರ ತಿರುಗಿಸ್ಕೊಂಡು ನದಿಗೆ ಬೀಳೋದು, ಆ ಶಕ್ತಿ ಬೆಲ್ಟ್ ಮೂಲಕ ಮಹಡಿ ಮಹಡಿಗೂ ಹೋಗೋದು. 1835ರಲ್ಲಿ ಶುರುವಾದ ಮಿಲ್ ಇದು. ಅಲ್ಲಿಗೆ ಬರ್ತಾ ಇದ್ದ ಹತ್ತಿ ದಕ್ಷಿಣದ ರಾಜ್ಯಗಳಲ್ಲಿ ಗುಲಾಮರು ಬಿಡಿಸಿದ್ದು, ಇದನ್ನೂ ಹುಡುಗನಿಗೆ ಹೇಳಿ.

ಲೋವೆಲ್‌ನ ಮಿಲ್‌ಗಳಲ್ಲಿ ಮಗ್ಗ ನೋಡ್ಕೊಳ್ತಾ ಇದ್ದಿದ್ದು ಹೆಚ್ಚಾಗಿ ಹಳ್ಳಿಗಳಿಂದ ಬಂದ ಹೆಣ್ಮಕ್ಕಳು. ದಿನಕ್ಕೆ ಹನ್ನೆರಡು ಗಂಟೆ ಮೇಲೇನೇ ಕೆಲಸ, ನೂಲು ಕಡೀಬಾರದು ಅಂತ ಕಿಟಕಿ ಮುಚ್ಚಿ ಒಳಗೆ ತೇವ ಇಡೋರು, ಹತ್ತಿ ಧೂಳು ಗಾಳಿ ತುಂಬಾ. ಕಂಡಿಕೆ (ನೂಲು ಸುತ್ತಿದ ಕಡ್ಡಿ) ಬದಲಿಸಿದಾಗಲೆಲ್ಲ, ಅದನ್ನ ಒಳಗಿಟ್ಕೊಂಡು ಮಗ್ಗದಲ್ಲಿ ಆಚೀಚೆ ಓಡೋ ಲಾಳಿಯ ಸಣ್ಣ ತೂತಿಗೆ ಬಾಯಿಟ್ಟು ಉಸಿರು ಎಳೆದು ನೂಲಿನ ತುದಿ ಹೊರಗೆ ತರಬೇಕಿತ್ತು, ಒಬ್ಬಳು ಬಾಯಿಟ್ಟ ಲಾಳಿಗೆ ಇನ್ನೊಬ್ಬಳೂ ಬಾಯಿಡೋಳು, ಕ್ಷಯ ಹೇಗೆ ಹರಡ್ತು ಅಂತ ಬೇರೆ ಹೇಳಬೇಕಾ? ಇದನ್ನ ಓದಿದಾಗಲೆಲ್ಲ ನನಗೆ ಸಂಕಟ ಆಗುತ್ತೆ. ಆದ್ರೆ ಅವರು ಸುಮ್ನೆ ಕೂರಲಿಲ್ಲ, ಕೂಲಿ ಕಡಿತ ಮಾಡ್ತೀವಿ ಅಂದಾಗ 1834ರಲ್ಲಿ ಕೆಲಸ ಬಿಟ್ಟು ಬೀದಿಗಿಳಿದ್ರು, 1836ರಲ್ಲಿ ಹಾಸ್ಟೆಲ್ ಖರ್ಚು ಏರಿಸಿದಾಗ ಮತ್ತೆ ಇಳಿದ್ರು, ಆಮೇಲೆ ಅಲ್ಲಿನ ಮಿಲ್ ಕೆಲಸಗಾರ್ತಿ ಸಾರಾ ಬ್ಯಾಗ್ಲಿ ಮುಂದೆ ನಿಂತು ದಿನಕ್ಕೆ ಹತ್ತೇ ಗಂಟೆ ಕೆಲಸ ಅಂತ ಸಹಿ ಸಂಗ್ರಹ ಮಾಡಿ ರಾಜ್ಯದ ಶಾಸನಸಭೆ ತನಕ ಒಯ್ದರು. ಹತ್ತು ಗಂಟೆ ಕಾನೂನು ಬಂದಿದ್ದು 1874ರಲ್ಲಿ. ಆ ಹೊತ್ತಿಗೆ ಹೋರಾಡಿದ ಹುಡುಗೀರು ಅಜ್ಜಿಯಂದಿರಾಗಿದ್ರು.

ಮಿಲ್ ಒಳಗೆ ಈಗ ಮ್ಯೂಸಿಯಂ ಇದೆ, ಹಳೇ ಪವರ್‌ಲೂಮ್‌ಗಳನ್ನ ಓಡಿಸಿ ತೋರಿಸ್ತಾರೆ. ಸದ್ದು ಜೋರು, ಅವರು ಕೊಡೋ ಇಯರ್‌ಪ್ಲಗ್ ತಪ್ಪದೆ ಹಾಕ್ಕೊಳ್ಳಿ. ಚಳಿಗಾಲದಲ್ಲಿ ಕಾಲುವೆ ಅಂಚಿಗೆ ಮಾತ್ರ ಹೋಗಬೇಡಿ, ಐಸ್ ಜಾರುತ್ತೆ.

ಪ್ರಶ್ನೆ: ನಾನು ಬೆಳಗಾವಿ ಕಡೆಯವನು, ಕೆಲಸ ಹೊರದೇಶದಲ್ಲಿ. ರಜೆಗೆ ಬಂದಾಗ ಗೋಕಾಕ್ ಫಾಲ್ಸ್ ಮಿಲ್ ಹತ್ತಿರ ಒಂದು ಕ್ಯಾಶ್ (ಜಿಯೋಕ್ಯಾಶಿಂಗ್ ಡಬ್ಬಿ) ಇಟ್ಟು ಹೋಗ್ಲಾ?

ಉತ್ತರ: ಜಾಗ ಅದ್ಭುತ. ಘಟಪ್ರಭೆಯ ಶಕ್ತಿ ನಂಬಿ 19ನೇ ಶತಮಾನದಲ್ಲೇ ಎದ್ದ ಗಿರಣಿ ಅದು. ಆದ್ರೆ ಇಟ್ಟು ಹೋಗಿಬಿಡೋದು ಆಗಲ್ಲ, ಡಬ್ಬಿ ಒದ್ದೆ ಆದ್ರೆ, ಕಳೆದುಹೋದ್ರೆ ಬಂದು ಸರಿ ಮಾಡೋರು ಹತ್ತಿರದಲ್ಲೇ ಇರಬೇಕು, ಇಲ್ಲಾಂದ್ರೆ ಆಟದ ವೆಬ್‌ಸೈಟಿನವರು ಒಪ್ಪಿಗೆ ಕೊಡಲ್ಲ. ಊರಲ್ಲಿರೋ ತಮ್ಮನೋ ಗೆಳೆಯನೋ ಜವಾಬ್ದಾರಿ ತಗೊಂಡ್ರೆ ಮಾಡಿ. ಮಿಲ್ ಕಾಂಪೌಂಡ್ ಕೇಳದೆ ಮುಟ್ಟಬೇಡಿ, ಬೇರೆ ಕ್ಯಾಶ್‌ನಿಂದ 161 ಮೀಟರ್ ದೂರ ಇರಲಿ, ತೂಗುಸೇತುವೆ ಮೇಲಂತೂ ಬೇಡ. ತಿಂಡಿ ಗಿಂಡಿ ಒಳಗೆ ಹಾಕಬೇಡಿ, ಮಂಗ ಇಲಿ ಬರ್ತವೆ. ಮಳೆಗಾಲದಲ್ಲಿ ಬಂಡೆ ಪಾಚಿ ಕಟ್ಟಿರುತ್ತೆ, ಹುಡುಕೋರು ಪ್ರಪಾತದ ಅಂಚಿಗೆ ಹೋಗದ ಹಾಗೆ ರಸ್ತೆ ಕಡೇನೇ ಜಾಗ ನೋಡಿ.